ಒಂದು ಯಂತ್ರ, ಎರಡು ಸಂಸಾರ

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆ ‘ವಿಂಡೋಸ್ 10’ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಮುಂದಿನ ಆವೃತ್ತಿಯಾದ ವಿಂಡೋಸ್ 11 ಎಲ್ಲ ಯಂತ್ರಗಳಿಗೂ ಒಗ್ಗುವುದಿಲ್ಲ. ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಬೇಕು. ಹೀಗಾಗಿ, ಕೆಡದಿದ್ದರೂ ‘ಹಳೆಯದು’ ಎನಿಸಿಕೊಂಡ ಕಂಪ್ಯೂಟರುಗಳು ಎಷ್ಟೋ ಮನೆಗಳಲ್ಲಿವೆ. ‘ಲಿನಕ್ಸ್ ಹಾಕೋಣ’ ಎನ್ನುತ್ತಾನೆ ಮಗ. ‘ಇರುವುದೂ ಹೋದೀತು’ ಎನ್ನುತ್ತಾರೆ ಅಪ್ಪ. ಇಬ್ಬರ ಮಾತಿನಲ್ಲೂ ಹುರುಳಿದೆ.

ಕೀಲಿಮಣೆ, ಪರದೆ, ಡಿಸ್ಕ್ ಇವೆಲ್ಲದರ ಮೇಲೆ ಯಜಮಾನಿಕೆ ನಡೆಸುವ ತಂತ್ರಾಂಶವೇ ಕಾರ್ಯಾಚರಣ ವ್ಯವಸ್ಥೆ. ಒಂದು ಡಿಸ್ಕಿನಲ್ಲಿ ಒಂದೇ ವ್ಯವಸ್ಥೆ ಇರಬೇಕೆಂಬ ನಿಯಮವೇನೂ ಇಲ್ಲ. ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸನ್ನು ಹಣ ಕೊಡದೆ ಪಡೆಯಬಹುದು. ವಿಂಡೋಸ್ ಪಕ್ಕದಲ್ಲೇ ಅದನ್ನು ಕೂರಿಸಬಹುದು. ಆದರೆ ಒಂದು ಸಲಕ್ಕೆ ನಡೆಯುವುದು ಒಂದೇ. ಯಂತ್ರ ಚಾಲೂ ಆದಾಗ ‘ಗ್ರಬ್’ ಎಂಬ ಪುಟ್ಟ ತಂತ್ರಾಂಶ ಯಾವುದು ಬೇಕೆಂದು ಕೇಳುತ್ತದೆ. ಅಪ್ಪನ ಅಂಗಡಿಯ ಲೆಕ್ಕವಿರುವ ಟ್ಯಾಲಿಗೆ ವಿಂಡೋಸ್, ಮಗನ ಪ್ರೋಗ್ರಾಮಿಂಗ್ ಅಭ್ಯಾಸಕ್ಕೆ ಲಿನಕ್ಸ್. ಭದ್ರತಾ ಪರಿಷ್ಕರಣೆ ನಿಂತುಹೋದ ವಿಂಡೋಸಿನಲ್ಲಿ ಅಂತರಜಾಲಕ್ಕೆ ಹೋಗದೆ, ಆ ಕೆಲಸವನ್ನೂ ಲಿನಕ್ಸ್‌ಗೇ ಬಿಡುವುದು ಜಾಣತನ.

ಇದಕ್ಕಾಗಿ ಡಿಸ್ಕಿನಲ್ಲಿ ‘ಪಾರ್ಟಿಷನ್’ ಮಾಡಬೇಕು. ಹಿರಿಯರಿಗೆ ಈ ಪದ ಹೊಸದಲ್ಲ. ಅಣ್ಣತಮ್ಮಂದಿರು ಜಮೀನು ಹಂಚಿಕೊಂಡಾಗ ಪಾಲುಪಟ್ಟಿ ಬರೆಸುತ್ತಾರಲ್ಲ, ಡಿಸ್ಕಿನಲ್ಲೂ ಅಂಥದೊಂದು ಪಟ್ಟಿ ಇದೆ. ಯಾರ ಪಾಲು ಎಲ್ಲಿಂದ ಆರಂಭ, ಎಷ್ಟು ಉದ್ದ ಎಂಬ ವಿವರ ಅದರಲ್ಲಿರುತ್ತದೆ. ಹಳೆಯ ಪದ್ಧತಿಯಲ್ಲಿ ಈ ಪಟ್ಟಿಗೆ ಸಿಗುತ್ತಿದ್ದುದು ಬರೀ 64 ಬೈಟು. ಒಂದು ಪಾಲಿನ ವಿವರಕ್ಕೆ 16 ಬೈಟು ಬೇಕಾದ್ದರಿಂದ ಮುಖ್ಯ ಪಾಲುಗಳು ನಾಲ್ಕೇ. ಈಚಿನ ಜಿಪಿಟಿ ಪದ್ಧತಿಯಲ್ಲಿ ಸಾಮಾನ್ಯವಾಗಿ 128 ಪಾಲುಗಳವರೆಗೆ ಅವಕಾಶವಿದೆ. ಎಷ್ಟು ದೊಡ್ಡ ಕುಟುಂಬಕ್ಕೂ ಸಾಕು!

ಸಾಮಾನ್ಯವಾಗಿ ಇಡೀ ಡಿಸ್ಕ್ ವಿಂಡೋಸ್ ವಶದಲ್ಲಿರುತ್ತದೆ. ಅದರ ಪಾಲನ್ನು ಕುಗ್ಗಿಸಿ ಜಾಗ ತೆರವು ಮಾಡುವ ಕೆಲಸವನ್ನು ವಿಂಡೋಸಿನಲ್ಲೇ ಇರುವ ‘ಡಿಸ್ಕ್ ಮ್ಯಾನೇಜ್‌ಮೆಂಟ್’ನಿಂದ ಮಾಡುವುದು ಕ್ಷೇಮ. ‘ಫಾಸ್ಟ್ ಸ್ಟಾರ್ಟಪ್’ ಅನ್ನೂ ಮೊದಲೇ ನಿಲ್ಲಿಸಬೇಕು. ಅದು ಚಾಲ್ತಿಯಲ್ಲಿದ್ದರೆ ಯಂತ್ರ ಆರಿಸಿದಾಗ ವಿಂಡೋಸ್ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ, ಅರೆನಿದ್ರೆಯಲ್ಲಿರುತ್ತದೆ. ಆಗ ಲಿನಕ್ಸ್ ಅದರ ಪಾಲಿಗೆ ಕೈಹಾಕಿದರೆ ಕಡತಗಳು ಕೆಡಬಹುದು.

ಅಪ್ಪನ ಹೆದರಿಕೆಗೆ ನಿಜವಾದ ಕಾರಣ ಮುಂದಿನ ಹಂತದಲ್ಲಿದೆ. ಅನುಸ್ಥಾಪನೆಯ ನಡುವೆ ಪರದೆಯ ಮೇಲೆ ಎರಡು ಆಯ್ಕೆಗಳು ಬರುತ್ತವೆ: ‘ವಿಂಡೋಸ್ ಜೊತೆಗೆ ಸ್ಥಾಪಿಸು’ ಮತ್ತು ‘ಡಿಸ್ಕ್ ಅಳಿಸಿ ಸ್ಥಾಪಿಸು’. ಅವಸರದಲ್ಲಿ ಎರಡನೆಯದನ್ನು ಒತ್ತಿದರೆ ಪಾಲುಪಟ್ಟಿ ಹರಿದು ಎಸೆದಂತೆಯೇ. ಅಕ್ಕನ ಮದುವೆಯ ಫೋಟೊ, ಅಂಗಡಿ ಲೆಕ್ಕ, ಪ್ರಾಜೆಕ್ಟ್ ವರದಿ ಎಲ್ಲಕ್ಕೂ ಸಂಚಕಾರ. ಎಸ್‌ಎಸ್‌ಡಿ ಇದ್ದರಂತೂ ಮರಳಿ ಪಡೆಯುವ ಆಸೆ ಇನ್ನೂ ಕಡಿಮೆ. ಆದ್ದರಿಂದ ಎಲ್ಲವನ್ನೂ ಬೇರೊಂದು ಡಿಸ್ಕಿಗೆ ನಕಲು ಮಾಡಿ, ಅದನ್ನು ಕಳಚಿ ಬೀರುವಿನಲ್ಲಿಟ್ಟ ಮೇಲೆಯೇ ಕೆಲಸಕ್ಕೆ ಕೂರಬೇಕು. ನಕಲಾದ ಕಡತಗಳು ತೆರೆಯುತ್ತವೆಯೇ ಎಂದೂ ನೋಡಬೇಕು. ಇದನ್ನು ಮರೆಯುವವರೇ ಹೆಚ್ಚು. ಬಿಟ್‌ಲಾಕರ್ ಬೀಗವಿದ್ದರೆ ಅದರ 48 ಅಂಕಿಗಳ ಕೀಲಿಯನ್ನು ಕಾಗದದಲ್ಲಿ ಬರೆದಿಡಬೇಕು. ಮುಂದೊಮ್ಮೆ ವಿಂಡೋಸ್ ಅದನ್ನು ಕೇಳಿದಾಗ ಉತ್ತರವಿಲ್ಲದಿದ್ದರೆ ಸ್ವಂತ ಮನೆಗೇ ಪ್ರವೇಶವಿಲ್ಲ.

ಇಷ್ಟಾದರೂ ಧೈರ್ಯ ಬಾರದಿದ್ದರೆ ಪೆನ್‌ಡ್ರೈವ್‌ನಿಂದಲೇ ಲಿನಕ್ಸ್ ನಡೆಸಿ ನೋಡಬಹುದು. ಯಂತ್ರದ ಡಿಸ್ಕನ್ನು ಮುಟ್ಟದೆ ವೈಫೈ, ಧ್ವನಿ, ಪ್ರಿಂಟರ್ ಕೆಲಸ ಮಾಡುತ್ತವೆಯೇ ಎಂದು ಪರೀಕ್ಷಿಸಬಹುದು. ಅದನ್ನು ಸಿದ್ಧಪಡಿಸುವಾಗ ಪೆನ್‌ಡ್ರೈವ್‌ನಲ್ಲಿದ್ದದ್ದೆಲ್ಲ ಅಳಿಯುತ್ತದೆ ಎಂಬುದು ನೆನಪಿರಲಿ.

ಎರಡೂ ವ್ಯವಸ್ಥೆ ಕೂತ ಮೇಲೆ ಒಂದು ವಿಚಿತ್ರ ಕಾಣಬಹುದು. ಲಿನಕ್ಸ್ ಬಳಸಿ ವಿಂಡೋಸಿಗೆ ಮರಳಿದರೆ ಗಡಿಯಾರ ಐದೂವರೆ ಗಂಟೆ ಹಿಂದಿರುತ್ತದೆ! ಯಂತ್ರದೊಳಗಿನ ಗಡಿಯಾರದಲ್ಲಿ ಸ್ಥಳೀಯ ಸಮಯ ಇದೆಯೆಂದು ವಿಂಡೋಸ್ ಭಾವಿಸುತ್ತದೆ. ಲಿನಕ್ಸ್ ಅಲ್ಲಿ ಇಡುವುದು ಯುಟಿಸಿ, ಅಂದರೆ ಜಾಗತಿಕ ಪ್ರಮಾಣ ಸಮಯ. ಭಾರತದ ಸಮಯ ಅದಕ್ಕಿಂತ 5 ಗಂಟೆ 30 ನಿಮಿಷ ಮುಂದೆ. ಬ್ಯಾಟರಿ ಹೋಗಿದೆಯೆಂದು ಅಂಗಡಿಗೆ ಓಡಬೇಕಿಲ್ಲ. ಲಿನಕ್ಸ್‌ನಲ್ಲಿ ಒಂದು ಆಜ್ಞೆ ಕೊಟ್ಟು ಅದೂ ಸ್ಥಳೀಯ ಸಮಯವನ್ನೇ ಪಾಲಿಸುವಂತೆ ಮಾಡಬಹುದು.