ಎಂಜಿನ್ ಬದಲಾಯಿತು, ಆರ್‌ಸಿ ಬದಲಾಗಲಿಲ್ಲ



ನಮ್ಮ ಕಡೆ ಹಳೇ ಮಹೀಂದ್ರಾ ಪಿಕಪ್ಪನ್ನು ಸುಲಭಕ್ಕೆ ಗುಜರಿಗೆ ಹಾಕುವುದಿಲ್ಲ. ತುಕ್ಕು ಹಿಡಿದಲ್ಲಿ ಹೊಸ ಪತ್ರಾ ಬೆಸೆದು, ಬಣ್ಣ ಹೊಡೆಸಿ, ಎಂಜಿನ್ ಸೋತಿದ್ದರೆ ಬೇರೆಯದನ್ನೇ ಕೂಡಿಸುತ್ತಾರೆ. 2112 ಸಿಸಿಯ ಪಿಜೋ ಡೀಸೆಲ್ ಎಂಜಿನ್ ಇಳಿಸಿ ಡಿಐ ಏರಿಸಿದ ಗಾಡಿಯೊಂದು ನಮ್ಮ ಮನೆಯಲ್ಲೂ ಇದೆ. ಮೌಂಟಿಂಗ್, ಗೇರ್‌ಬಾಕ್ಸ್ ಹೊಂದಿಸಲು ಮಿಸ್ತ್ರಿಗೆ ಎರಡು ವಾರ ಹಿಡಿಯಿತು. ಕೆಲಸ ಮಾತ್ರ ಅಚ್ಚುಕಟ್ಟು.

ತೊಡಕಾದದ್ದು ಕಾಗದದಲ್ಲಿ. ಆರ್‌ಸಿಯಲ್ಲಿ ಹಳೇ ಎಂಜಿನ್ ನಂಬರೇ ಉಳಿದಿತ್ತು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ, ಅನುಮತಿ ಪಡೆಯದೆ ಎಂಜಿನ್ ಬದಲಿಸಿದ್ದರೆ 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕಂತೆ. ನಮಗೆ ಗೊತ್ತಾದದ್ದು ವಿಮೆ ಕಟ್ಟುವಾಗ! ಕಬ್ಬಿನ ಹಂಗಾಮಿಗೆ ಮುನ್ನ ಸಾರಿಗೆ ಇಲಾಖೆ ಹುಕ್ಕೇರಿಯಲ್ಲಿ ಒಂದು ದಿನ ಶಿಬಿರ ನಡೆಸಿ, ಇಂಥ ಗಾಡಿಗಳನ್ನು ತಪಾಸಿಸಿ ದಾಖಲೆ ಸರಿಪಡಿಸಿಕೊಡಲಿ.

– ಒಬ್ಬ ರೈತ, ಬೆಲ್ಲದ ಬಾಗೇವಾಡಿ