ಕಂಪನಿ ಮುಚ್ಚಿದರೂ ಅಳತೆ ಉಳಿಯಬೇಕು

ಎಚ್‌ಎಂಟಿ ಟ್ರ್ಯಾಕ್ಟರ್ ಕಾರ್ಖಾನೆ ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿತು ಅಂತ 2016ರ ಅಕ್ಟೋಬರ್ ಕೊನೆಯಲ್ಲಿ ಪೇಪರಿನಲ್ಲಿ ಬಂತು. ಆ ದಿನ ನಮ್ಮೂರ ಟೀ ಹೋಟೆಲಿನಲ್ಲಿ ನಡೆದ ಮಾತು ನನಗೆ ಇನ್ನೂ ನೆನಪಿದೆ. ಸುತ್ತಿನ ನಾಲ್ಕು ಹಳ್ಳಿ ಸೇರಿ ಆಗ ಒಂಬತ್ತು ಎಚ್‌ಎಂಟಿ ಗಾಡಿಗಳಿದ್ದವು. ಒಂದು ನನ್ನದು. 2004ರಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡ 25 ಎಚ್‌ಪಿಯ ಹಳೇ ಗಾಡಿ.

ಒಬ್ಬರು, "ಈಗಲೇ ಮಾರಿಬಿಡು, ನಾಳೆ ಗುಜರಿಯವನೂ ಮುಟ್ಟಲ್ಲ" ಅಂದರು. ಇನ್ನೊಬ್ಬರು, "ರಿಂಗು, ಕ್ಲಚ್ ಪ್ಲೇಟು ಎರಡೆರಡು ಸೆಟ್ ತಂದು ಅಟ್ಟದ ಮೇಲೆ ಇಟ್ಕೋ" ಅಂದರು. ನಮ್ಮ ದೊಡ್ಡಪ್ಪ ಕೈಯಲ್ಲಿದ್ದ ಎಚ್‌ಎಂಟಿ ವಾಚು ತೋರಿಸಿ, "ಇದರ ಕಂಪನಿ ಮುಚ್ಚೋದು ಜನವರಿಯಲ್ಲೇ ತೀರ್ಮಾನ ಆಯ್ತು. ಇದು ನಿಂತ್ರೆ ಪಕ್ಕದವರನ್ನ ಟೈಮು ಕೇಳ್ತೀನಿ. ನಿನ್ನ ಗಾಡಿ ಹದದಾಗೆ ನಿಂತ್ರೆ ಯಾರನ್ನ ಕೇಳ್ತೀಯೋ?" ಅಂದರು. ಎಲ್ಲರೂ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ.

ಎಚ್‌ಎಂಟಿ ನಮ್ಮ ಬೆಂಗಳೂರಲ್ಲೇ 1953ರಲ್ಲಿ ಹುಟ್ಟಿದ ಸರ್ಕಾರಿ ಕಂಪನಿ. ಟ್ರ್ಯಾಕ್ಟರು ತಯಾರಾಗುತ್ತಿದ್ದದ್ದು ಮಾತ್ರ ದೂರದ ಹರಿಯಾಣದ ಪಿಂಜೋರಿನಲ್ಲಿ. 1971ರಲ್ಲಿ ಚೆಕೊಸ್ಲೊವಾಕಿಯಾದ ಝೀಟರ್ ಗಾಡಿಯ ನಮೂನೆ ತಂದು ಅಲ್ಲಿ ಶುರು ಮಾಡಿದರು. ಮೊದಲು ಬಂದದ್ದು 25 ಎಚ್‌ಪಿಯ 2511. 45 ವರ್ಷ ನಡೆದು ನಷ್ಟದ ಲೆಕ್ಕದಲ್ಲಿ ಬಾಗಿಲು ಹಾಕಿತು.

ಆ ಒಂಬತ್ತು ಗಾಡಿಯಲ್ಲಿ ಮೂರನ್ನು ಹೆದರಿ ಅಗ್ಗಕ್ಕೆ ಮಾರಿದರು. ನನ್ನದು ಇವತ್ತಿಗೂ ಓಡುತ್ತಿದೆ. ಯಾಕೆ ಓಡುತ್ತಿದೆ ಅಂತ ಬಹಳ ಯೋಚಿಸಿದ್ದೇನೆ. ನಮ್ಮ ದೇಶದಲ್ಲಿ ಈ ನಮೂನೆಯ ಗಾಡಿಗಳು ಬಹಳ ಇವೆ. ಪಂಜಾಬಿನ ಲೂಧಿಯಾನದಂಥ ಕಡೆ ಟ್ರ್ಯಾಕ್ಟರಿನ ಬಿಡಿಭಾಗ ಮಾಡುವ ಸಣ್ಣ ಕಾರ್ಖಾನೆಗಳು ಎಷ್ಟೋ ಇವೆ. ಬೇರಿಂಗಿನ ಮೇಲಂತೂ ನಂಬರೇ ಕೊರೆದಿರುತ್ತದೆ. 6205 ಅಂದರೆ ಒಳಗಿನ ತೂತು 25 ಮಿಲಿಮೀಟರ್, ಹೊರಸುತ್ತು 52, ದಪ್ಪ 15. ಯಾವ ದೇಶದ ಯಾವ ಕಂಪನಿ ಮಾಡಿದರೂ ಇದೇ ಅಳತೆ. ಅಂಗಡಿಯಲ್ಲಿ ನಂಬರ್ ಹೇಳಿದರೆ ಸಾಕು. ಅಳತೆ ಹತ್ತು ಜನರ ಕೈಯಲ್ಲಿ ಇತ್ತು, ಅದಕ್ಕೇ ನನ್ನ ಗಾಡಿ ಉಳಿಯಿತು.

ನನಗೆ ನಿಜವಾದ ಪೆಟ್ಟು ಬಿದ್ದದ್ದು ಬೇರೆ ಯಂತ್ರದಿಂದ.

2013ರಲ್ಲಿ ಸಬ್ಸಿಡಿಯಲ್ಲಿ ಟ್ರ್ಯಾಕ್ಟರಿನ ಬಿತ್ತನೆ ಕೂರಿಗೆ ತಗೊಂಡೆ. ಕಂಪನಿ ಹೆಸರು ಇಲ್ಲಿ ಬೇಡ. ಆರು ವರ್ಷ ಚೆನ್ನಾಗಿಯೇ ನಡೆಯಿತು. 2019ರ ಪುನರ್ವಸು ಮಳೆ ಆಗಿ ಶೇಂಗಾ ಬಿತ್ತಲು ಹೋದರೆ, ಬೀಜ ಎತ್ತಿ ಹಾಕುವ ಪ್ಲಾಸ್ಟಿಕ್ ತಟ್ಟೆಗಳಲ್ಲಿ ಎರಡು ಮುರಿದವು. ಅಂಗೈ ಅಗಲದ ತಟ್ಟೆ. ಕಂಪನಿಗೆ ಫೋನ್ ಹಚ್ಚಿದರೆ ನಂಬರೇ ಇಲ್ಲ ಅಂತ ಬಂತು. ಮಾರಿದ ಅಂಗಡಿಗೆ ಹೋದರೆ, "ಆ ಕಂಪನಿ ಎತ್ತಂಗಡಿ ಆಗಿ ಎರಡು ವರ್ಷ ಆಯ್ತಲ್ಲ ಯಜಮಾನ್ರೇ, ಹೊಸದು ತಗೊಳ್ರಿ" ಅಂದ. ಬೇರೆ ಕಂಪನಿ ತಟ್ಟೆ ತಂದೆ. ತೂತು ದೊಡ್ಡದು, ಹಲ್ಲು ಬೇರೆ, ಕೂರಲಿಲ್ಲ.

ನಮ್ಮದು ಚಳ್ಳಕೆರೆ ಸೀಮೆಯ ಕೆಂಪು ನೆಲ. ಮಳೆ ನಿಂತ ಮೇಲೆ ಬಿತ್ತನೆ ಹದ ಮೂರು ದಿನ, ಬಹಳ ಅಂದರೆ ನಾಲ್ಕು ದಿನ. ಎತ್ತು, ಮರದ ಕೂರಿಗೆ ಬೇಡಿ ತಂದು ನಾಲ್ಕು ಎಕರೆ ಬಿತ್ತಿದೆ. ಉಳಿದ ಮೂರು ಎಕರೆಗೆ ಹದ ಹೋಯಿತು. ಪೇಟೆಯ ಲೇತ್ ಅಂಗಡಿಯವನು ಮುರಿದ ಚೂರು ನೋಡಿಕೊಂಡು ನೈಲಾನಿನಲ್ಲಿ ತಟ್ಟೆ ಕಡೆದು ಕೊಟ್ಟ. ಎರಡಕ್ಕೆ ಒಂಬೈನೂರು ರೂಪಾಯಿ. ಒಳ್ಳೇ ಕೆಲಸವೇ. ಆದರೆ ಅಷ್ಟರಲ್ಲಿ ಹದಿಮೂರು ದಿನ ಆಗಿತ್ತು. ಮೊದಲು ಬಿತ್ತಿದ್ದು ಎಕರೆಗೆ ಐದು ಚೀಲ ಬಂತು, ಹಿಂದೆ ಬಿತ್ತಿದ್ದು ಎರಡೂವರೆ. ಒಂಬೈನೂರರ ಸಾಮಾನಿಗೆ ಏಳೂವರೆ ಚೀಲ ಶೇಂಗಾ ಹೋಯಿತು.

ಇದನ್ನು ಓದಿ, "ಅದಕ್ಕೇ ಹಳೇ ಮರದ ಕೂರಿಗೆಯೇ ವಾಸಿ" ಅನ್ನುವವರು ಇದ್ದಾರೆ. ಅವರಿಗೂ ಒಂದು ಮಾತು. ನಾನು ಬೇಡಿ ತಂದ ಕೂರಿಗೆ ಮಾಡಿದ ಆಚಾರಿ ತೀರಿಕೊಂಡು ಈಗ ಬಹಳ ವರ್ಷ ಆಯ್ತು. ಅವರ ಮಗ ಬೆಂಗಳೂರಲ್ಲಿ ಫರ್ನಿಚರ್ ಕೆಲಸದಲ್ಲಿದ್ದಾನೆ. ತಾಳು ಎಷ್ಟು ಬಾಗಿರಬೇಕು, ಬಟ್ಟಲಿನ ತೂತು ಎಷ್ಟು ಓರೆ ಇರಬೇಕು ಅನ್ನೋದು ಆ ಹಿರಿಯರ ಕೈಯಲ್ಲಿತ್ತು, ಅವರ ಜೊತೆಗೇ ಹೋಯಿತು. ನಮ್ಮೂರ ಕಂಪನಿಯೂ ಹೀಗೆ ಮುಚ್ಚಿತು, ಪೇಪರಿನಲ್ಲಿ ಬರಲಿಲ್ಲ ಅಷ್ಟೇ. ಅದಕ್ಕೆ ನಾವೂ ಕಾರಣ. ಸುಗ್ಗಿಯಲ್ಲಿ ಅವರಿಗೆ ಕೊಡುತ್ತಿದ್ದ ಆಯ ನಿಲ್ಲಿಸಿದ್ದು ನಾವೇ. ನಮ್ಮ ಮನೆಯಲ್ಲೂ ನಿಲ್ಲಿಸಿದ್ದೆವು, ಸುಳ್ಳು ಹೇಳಲ್ಲ.

ಹಾಗಾಗಿ ಹಳೆಯದು ಒಳ್ಳೆಯದೋ ಹೊಸದು ಒಳ್ಳೆಯದೋ ಅನ್ನುವ ಜಗಳ ಬಿಡೋಣ. ಕಂಪನಿ ಅಂದಮೇಲೆ ತೆರೆಯುತ್ತದೆ, ಮುಚ್ಚುತ್ತದೆ. ಲಾಭ ಇಲ್ಲದೆ ನಡೆಸು ಅಂತ ಹೇಳಲು ನಾವು ಯಾರು? ಆದರೆ ಅದರ ಯಂತ್ರ ನಮ್ಮ ಕೊಟ್ಟಿಗೆಯಲ್ಲಿ ಇನ್ನೂ ಹತ್ತು ವರ್ಷ ಇರುತ್ತದೆ. ಮುಚ್ಚುವಾಗ ಅಳತೆಯನ್ನೂ ಜೊತೆಗೆ ಹೂತು ಹೋಗಬಾರದು ಅನ್ನೋದು ನನ್ನ ವಾದ.

ಸರ್ಕಾರದವರು ಈ ದಿಕ್ಕಿನಲ್ಲಿ ಸ್ವಲ್ಪ ಹೆಜ್ಜೆ ಇಟ್ಟಿದ್ದಾರೆ. ಕೊಂಡ ವಸ್ತುವನ್ನು ರಿಪೇರಿ ಮಾಡಿಸಿಕೊಳ್ಳುವುದು ಗ್ರಾಹಕರ ಹಕ್ಕು ಅನ್ನುವ ವಿಚಾರಕ್ಕೆ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈಯಲ್ಲಿ ಒಂದು ಸಮಿತಿ ಮಾಡಿತು. ಮೊಬೈಲು, ವಾಹನ, ಮನೆ ಸಾಮಾನಿನ ಜೊತೆ ಕೃಷಿ ಯಂತ್ರಗಳನ್ನೂ ಅದರಲ್ಲಿ ಸೇರಿಸಿದರು. ಅದೇ ವರ್ಷ ಡಿಸೆಂಬರಿನಲ್ಲಿ ಕಂಪ್ಯೂಟರಿನಲ್ಲಿ ನೋಡುವ ಒಂದು ಪೋರ್ಟಲ್ಲೂ ಬಂತು. ಕಂಪನಿಗಳು ರಿಪೇರಿ ವಿವರ, ಬಿಡಿಭಾಗದ ವಿವರ ಅದರಲ್ಲಿ ಹಾಕಬೇಕು ಅನ್ನುವ ಉದ್ದೇಶ. ಸಂತೋಷ. ಆದರೆ ವಿವರ ಹಾಕಲು ಕಂಪನಿ ಬದುಕಿರಬೇಕಲ್ಲ? ಬಾಗಿಲು ಹಾಕಿದವನನ್ನು ಎಲ್ಲಿ ಹುಡುಕುವುದು?

ಅದಕ್ಕೆ ನನ್ನ ಸಲಹೆ ಇದು. ಸಬ್ಸಿಡಿ ಅಂದರೆ ಜನರ ದುಡ್ಡು. ಸಬ್ಸಿಡಿ ಪಟ್ಟಿಯಲ್ಲಿ ಹೆಸರು ಬೇಕು ಅನ್ನುವ ಕಂಪನಿ, ಸವೆಯುವ ಮುರಿಯುವ ಭಾಗಗಳ ನಕ್ಷೆ, ಅಳತೆ, ಒಂದೊಂದು ಮಾದರಿ ಕೃಷಿ ಇಲಾಖೆಯಲ್ಲೋ ಕೃಷಿ ವಿಶ್ವವಿದ್ಯಾಲಯದಲ್ಲೋ ಮೊದಲೇ ಇಡಬೇಕು. ಕಂಪನಿ ನಡೆಯುವವರೆಗೆ ಅದು ಬೀಗದಲ್ಲೇ ಇರಲಿ. ಮುಚ್ಚಿದ ದಿನ ಬೀಗ ತೆಗೆದು, ಯಾವ ಲೇತ್‌ನವನು ಕೇಳಿದರೂ ನಕಲು ಕೊಡಲಿ. ಇದರಿಂದ ಯಾರಿಗೂ ನಷ್ಟ ಇಲ್ಲ. ಮುಚ್ಚಿದ ಅಂಗಡಿಗೆ ಗುಟ್ಟು ಯಾತಕ್ಕೆ?

ಇನ್ನು ಕೆಲವರು, "ಕೃಷಿ ಯಂತ್ರಧಾರೆ ಇದೆಯಲ್ಲ, ಬಾಡಿಗೆಗೆ ತಗೊಂಡರೆ ಆಯ್ತು" ಅನ್ನುತ್ತಾರೆ. ಉಳುಮೆಗೆ ಸರಿ, ನಾನೂ ತಂದಿದ್ದೇನೆ. ಬಿತ್ತನೆಗೆ ಆಗಲ್ಲ. ಹದ ಬಂದರೆ ಇಡೀ ಹೋಬಳಿಗೆ ಒಂದೇ ದಿನ ಬರುತ್ತದೆ. ಸಾಲಿನಲ್ಲಿ ನಮ್ಮ ಪಾಳಿ ಬರುವಷ್ಟರಲ್ಲಿ ನೆಲ ಒಣಗಿರುತ್ತದೆ.

ಸರ್ಕಾರ ಮಾಡುವ ತನಕ ಕಾಯುತ್ತಾ ಕೂರಬೇಕಾಗಿಲ್ಲ. ಆ ವರ್ಷದ ಪೆಟ್ಟು ತಿಂದ ಮೇಲೆ ನಾವು ಅದೇ ಕೂರಿಗೆ ಇರುವ ಆರು ಜನ ಒಂದು ಭಾನುವಾರ ಕುಳಿತೆವು. ಪ್ರತಿ ತಟ್ಟೆ, ಪ್ರತಿ ಹಲ್ಲು ಚಕ್ರವನ್ನು ರಟ್ಟಿನ ಮೇಲಿಟ್ಟು ಪೆನ್ಸಿಲಿನಲ್ಲಿ ಗೆರೆ ಎಳೆದೆವು. ಹೈಸ್ಕೂಲು ಓದುವ ಹುಡುಗ ಒಬ್ಬ ತೂತು, ದಪ್ಪ ಅಳೆದು ಮಿಲಿಮೀಟರಿನಲ್ಲಿ ಬರೆದ. ಬೇರಿಂಗ್, ಚೈನು, ಸೀಲ್‌ಗಳ ನಂಬರ್ ಒಂದು ನೋಟ್‌ಬುಕ್ಕಿಗೆ ಇಳಿಸಿದೆವು. ಒಂದು ನಕಲು ನನ್ನ ಮನೆಯಲ್ಲಿ, ಇನ್ನೊಂದು ಲೇತ್ ಅಂಗಡಿಯಲ್ಲಿ ಇದೆ. ತಲೆಗೆ ಇನ್ನೂರು ಹಾಕಿ ಎರಡು ತಟ್ಟೆ ಮಾಡಿಸಿ ಇಟ್ಟೆವು. ಆಮೇಲೆ ಎರಡು ಸಲ ತಟ್ಟೆ ಮುರಿದಿದೆ. ಒಂದು ಸಲವೂ ಹದ ತಪ್ಪಿಲ್ಲ.

ಹೊಸ ಯಂತ್ರ ಕೊಳ್ಳುವವರು ಬಣ್ಣ, ಬೆಲೆ ನೋಡುವ ಮೊದಲು ಮೂರು ಪ್ರಶ್ನೆ ಕೇಳಿ. ನಮ್ಮ ತಾಲೂಕಿನಲ್ಲಿ ಇದೇ ಯಂತ್ರ ಇನ್ನು ಯಾರ ಹತ್ತಿರ ಇದೆ? ಮುರಿಯುವ ಭಾಗ ಬೇರೆ ಕಂಪನಿಯದು ಕೂರುತ್ತದಾ? ನಮ್ಮ ಕಮ್ಮಾರನೋ ಲೇತ್‌ನವನೋ ಇದನ್ನು ಮಾಡಬಲ್ಲನಾ? ಮೂರಕ್ಕೂ ಇಲ್ಲ ಅಂತ ಬಂದರೆ, ಎಷ್ಟೇ ಸಬ್ಸಿಡಿ ಇದ್ದರೂ ಬಿಟ್ಟು ಬನ್ನಿ. ಕೊಂಡೇ ಕೊಳ್ಳುತ್ತೀರಾದರೆ ಬಿಡಿಭಾಗವನ್ನು ಅದೇ ದಿನ ಜೊತೆಗೆ ತನ್ನಿ.

ಕಂಪನಿ ಮುಚ್ಚಿ ಮೂಲೆಗೆ ಬಿದ್ದ ಯಂತ್ರ ನಿಮ್ಮಲ್ಲೂ ಇರಬಹುದು. ಗುಜರಿಗೆ ಹಾಕುವ ಮೊದಲು ಅದೇ ಯಂತ್ರ ಇರುವ ಇನ್ನೊಬ್ಬರನ್ನು ವಿಚಾರಿಸಿ, ನಿಮ್ಮ ಮುರುಕು ಅವರ ಒಂದು ವರ್ಷದ ಬೆಳೆ ಉಳಿಸಬಹುದು. ಯಂತ್ರದ ಹೆಸರು, ಬೇಕಾದ ಭಾಗ, ಊರು ಬರೆದು ಪತ್ರಿಕೆಗೆ ಕಳಿಸಿ. ಸಂಪಾದಕರು ತಿಂಗಳಿಗೆ ಅರ್ಧ ಪುಟ ಇದಕ್ಕೆ ಬಿಟ್ಟುಕೊಟ್ಟರೆ ದೊಡ್ಡ ಉಪಕಾರ. ನಮ್ಮ ಕೂರಿಗೆಯ ಅಳತೆ ಬೇಕಾದವರು ಕೇಳಿದರೆ ನೋಟ್‌ಬುಕ್ಕಿನ ನಕಲು ಕಳಿಸಲು ನಾವು ಆರು ಜನವೂ ಒಪ್ಪಿದ್ದೇವೆ.