ಕಡತದ ಅಂಚಿನಿಂದ: ಪಕ್ಕದಲ್ಲಿ ನಿಂತ ದುಭಾಷಿ

ಈ ಸಲದ ಚಳಿಗಾಲದಲ್ಲಿ ನಮಗೊಂದು ಮುಖಭಂಗವಾಯಿತು. ವಾಚಕರಿಂದ ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ನಮ್ಮ ಮನೆಯವರು ಈಗಾಗಲೇ ಮಗರಪಟ್ಟಾದ ನಾಲ್ಕು ಮನೆಗಳಲ್ಲಿ ಹೇಳಿ ಮುಗಿಸಿದ್ದಾರೆ.

ಮಗನಿಗೆ ಸ್ವೆಟರು ಕೊಳ್ಳಲೆಂದು ಟಿಬೇಟಿ ಜನರ ಅಂಗಡಿಗಳಿಗೆ ಹೋಗಿದ್ದೆವು. ಪುಣೆಯಲ್ಲಿ ಚಳಿ ಬಿತ್ತೆಂದರೆ ಈ ಅಂಗಡಿಗಳು ಏಳುವುದು ವಾಡಿಕೆ. ಅಂಗಡಿಯಾಕೆಯೊಡನೆ ಹಿಂದಿಯಲ್ಲಿ ಚೌಕಾಸಿ, ನಮ್ಮನಮ್ಮೊಳಗೆ ಕನ್ನಡದಲ್ಲಿ ಮಸಲತ್ತು. ಪರಸ್ಥಳದ ಕನ್ನಡಿಗನಿಗೆ ಇರುವ ಒಂದೇ ಸೌಕರ್ಯವಿದು. “ಎದ್ದು ಹೊರಟಂತೆ ಮಾಡೋಣ, ನೂರು ರೂಪಾಯಿ ತಾನಾಗಿಯೇ ಇಳಿಸುತ್ತಾಳೆ” ಎಂದು ಮನೆಯವರ ಕಿವಿಯಲ್ಲಿ ಹೇಳಿದೆವು. ಆಕೆ ಸ್ವೆಟರನ್ನು ಮಡಿಸುತ್ತ, ತಲೆ ಎತ್ತದೆ, “ಹೊಂಟ್ರೂ ಇಳಿಯೂದಿಲ್ರಿ, ಖರೀದಿನೇ ಅಷ್ಟು ಬಿದ್ದೈತಿ” ಎಂದಳು. ಅಚ್ಚ ಹುಬ್ಬಳ್ಳಿ ಕಡೆಯ ಕನ್ನಡ!

ಕೇಳಿದ ಬೆಲೆಯನ್ನು ಕೊಟ್ಟೆವು. ಮಾತು ಬೆಳೆಯಿತು. ಆಕೆ ಹುಟ್ಟಿದ್ದು ಬೆಳೆದದ್ದು ಮುಂಡಗೋಡದಲ್ಲಿ. ತಮ್ಮ ಅಲ್ಲಿಯ ಮಠದಲ್ಲಿ ಸನ್ಯಾಸಿ. “ಅಮೇರಿಕಾದ ಮಾಸ್ತರ ಮಂದಿ ಬಂದು ಅವರಿಗೆ ವಿಜ್ಞಾನ ಕಲಿಸಿದ್ರು. ಈಗ ಅಂವಾನ ಸಣ್ಣವರಿಗೆ ಕಲಸ್ತಾನ್ರಿ” ಎಂದಳು. ಈ ಕಡೆಯ ಮಾತು ನಮ್ಮ ಮನಸ್ಸಿನಲ್ಲಿ ಚುಚ್ಚಿ ನಿಂತಿತು. ಕಾರಣ ಮುಂದೆ ಹೇಳುತ್ತೇವೆ.

ಜನವರಿಯಲ್ಲಿ ಹುಬ್ಬಳ್ಳಿಯಲ್ಲಿ ಒಂದು ಮದುವೆ ಇತ್ತು. ಉಳಿದಿದ್ದ ರಜೆಗೆ ಅರ್ಜಿ ಗುಜರಾಯಿಸಿ, ಊಟದ ಮರುದಿನ ಮುಂಡಗೋಡದ ಬಸ್ಸು ಹಿಡಿದೆವು. ದಾರಿಯುದ್ದಕ್ಕೂ ಕೊಯ್ಲಾದ ಗದ್ದೆ, ಗೋವಿನಜೋಳದ ಕೂಳೆ. ಲಾಮಾ ಕ್ಯಾಂಪ್ ತಲಪಿದಾಗ ಅಂಗಳದಲ್ಲಿ ತರ್ಕ ನಡೆದಿತ್ತು. ಕುಳಿತವನು ಉತ್ತರ ಕೊಡಬೇಕು. ನಿಂತವನು ಪ್ರಶ್ನೆ ಹಾಕಿ, ಕಾಲು ಅಪ್ಪಳಿಸಿ, ಅಂಗೈಗೆ ಅಂಗೈ ಬಡಿಯುತ್ತಾನೆ. ನಮ್ಮ ಮಗ ಇದು ಜಗಳವೆಂದೇ ತಿಳಿದು ನಮ್ಮ ಹಿಂದೆ ಅಡಗಿಕೊಂಡ.

ಆ ಮಠದ ಹೆಸರು ಡ್ರೆಪುಂಗ್. ಅಕ್ಕಿಯ ರಾಶಿ ಎಂದು ಅರ್ಥ. ಆಂಧ್ರದ ಧಾನ್ಯಕಟಕದ ಹೆಸರನ್ನೇ ಟಿಬೇಟಿಗೆ ತಿರುಗಿಸಿಕೊಂಡದ್ದಂತೆ. ಲ್ಹಾಸಾದ ಹತ್ತಿರ 1416ರಲ್ಲಿ ಸ್ಥಾಪನೆಯಾದ ಈ ಮಠ ಮಲೆನಾಡಿನ ಸೆರಗಿಗೆ ಬಂದದ್ದು ದೊಡ್ಡ ಕಥೆ. 1959ರಲ್ಲಿ ದಲಾಯಿ ಲಾಮಾ ಅವರು ಭಾರತಕ್ಕೆ ಬಂದರು. ಹಿಂದೆಯೇ ಸಾವಿರಾರು ಜನ ಬಂದರು. ಸನ್ಯಾಸಿಗಳಲ್ಲಿ ಅನೇಕರು ಬಂಗಾಲದ ಬಕ್ಸಾದಲ್ಲಿ, ಬ್ರಿಟಿಷರ ಕಾಲದ ಸೆರೆಮನೆಯಲ್ಲಿ, ಕ್ಷಯರೋಗದ ನಡುವೆಯೇ ಓದು ಮುಂದುವರಿಸಿದರು. ಆಗಿನ ಮೈಸೂರು ರಾಜ್ಯ ಮೊದಲು ಬೈಲಕುಪ್ಪೆಯಲ್ಲಿ, 1966ರಲ್ಲಿ ಮುಂಡಗೋಡದಲ್ಲಿ ನೆಲ ಕೊಟ್ಟಿತು. ಇವರ ಪುನರ್ವಸತಿಗೆಂದೇ 1968ರಲ್ಲಿ ಮೈರಾಡಾ ಎಂಬ ಸಂಸ್ಥೆ ಹುಟ್ಟಿತು. ಹೊರದೇಶಗಳ ದಾನಿಗಳೂ ಕೈ ಕೊಟ್ಟರು. ಸೆರಾ ಮಠ ಬೈಲಕುಪ್ಪೆಯಲ್ಲಿ, ಡ್ರೆಪುಂಗ್ ಮತ್ತು ಗಾಂದೆನ್ ಮುಂಡಗೋಡದಲ್ಲಿ ಮತ್ತೆ ಬೇರು ಬಿಟ್ಟವು.

ಇನ್ನು ಆ ಮಾಸ್ತರ ಮಂದಿಯ ವಿಷಯ. ಅಮೇರಿಕಾದ ಅಟ್ಲಾಂಟಾದಲ್ಲಿ ಎಮೊರಿ ವಿಶ್ವವಿದ್ಯಾಲಯವಿದೆ. ಸನ್ಯಾಸಿಗಳಿಗೆ ತಕ್ಕ ವಿಜ್ಞಾನದ ಪಾಠಕ್ರಮ ಬೇಕೆಂದು 2006ರಲ್ಲಿ ದಲಾಯಿ ಲಾಮಾ ಅವರು ಕೇಳಿಕೊಂಡಾಗ ಅದು ಒಪ್ಪಿತು. 2008ರಿಂದ ಧರ್ಮಶಾಲೆಯಲ್ಲಿ ಪ್ರಯೋಗ ನಡೆಯಿತು. 2013ರಲ್ಲಿ ಮಠದ ಹಿರಿಯರು ವಿಜ್ಞಾನವನ್ನು ಗೆಶೆ ಪದವಿಯ ಓದಿಗೇ ಸೇರಿಸಲು ನಿರ್ಧರಿಸಿದರು. ಸುಮಾರು ಇಪ್ಪತ್ತು ವರ್ಷ ಹಿಡಿಯುವ ಓದು ಅದು; ಶತಮಾನಗಳಿಂದ ಅದಕ್ಕೆ ಹೊಸ ವಿಷಯ ಸೇರಿರಲಿಲ್ಲ. ನಮ್ಮ ಕಚೇರಿಯಲ್ಲಿ ಒಂದು ನಮೂನೆಯ ಕಾಲಮು ಬದಲಿಸಲು ಎಷ್ಟು ವರ್ಷ ಹಿಡಿಯಿತೆಂಬುದನ್ನು ಬಲ್ಲವರಾದ ನಾವು ಆ ಹಿರಿಯರಿಗೆ ಕೈಮುಗಿಯುತ್ತೇವೆ. 2014ರಿಂದ ಸೆರಾ, ಡ್ರೆಪುಂಗ್, ಗಾಂದೆನ್ ಮೂರರಲ್ಲೂ ಪಾಠ ಆರಂಭವಾಯಿತು. ಭೌತಶಾಸ್ತ್ರ, ಜೀವಶಾಸ್ತ್ರ, ನರವಿಜ್ಞಾನ. ಆರು ವರ್ಷದ ಕ್ರಮ. ಬೇಸಗೆ ಬಂತೆಂದರೆ ಎಮೊರಿಯ ಮತ್ತು ಬೇರೆ ವಿದ್ಯಾಲಯಗಳ ಅಧ್ಯಾಪಕರು ತಮ್ಮ ರಜೆಯ ಕೆಲವು ವಾರಗಳನ್ನು ಇಲ್ಲಿ ಕಳೆಯಲು ಬರುತ್ತಿದ್ದರು.

ಬರುವುದೂ ಸುಲಭವಲ್ಲ. ವಿದೇಶೀಯರು ಈ ವಸತಿಗಳಲ್ಲಿ ತಂಗಬೇಕಾದರೆ ಕೇಂದ್ರ ಗೃಹ ಮಂತ್ರಾಲಯದ ವಿಶೇಷ ಪರವಾನಿಗೆ ಬೇಕು. ತಿಂಗಳುಗಟ್ಟಲೆ ಮೊದಲೇ ಅರ್ಜಿ ಹಾಕಬೇಕು. ಪರಮಾಣುವಿನ ಪಾಠ ಹೇಳಲು ಹೊರಟವರ ಕಾಗದವೂ ಯಾವನೋ ಗುಮಾಸ್ತನ ಮೇಜಿನ ಮೇಲೆ ಸರದಿಗೆ ಕಾದಿರುತ್ತದೆ. ನಮ್ಮ ಜಾತಿಯವರ ಮಹಿಮೆಯನ್ನು ಯಾರೂ ಬರೆಯುವುದಿಲ್ಲವಾದ್ದರಿಂದ ನಾವೇ ಬರೆದುಕೊಂಡಿದ್ದೇವೆ.

ಆದರೆ ನಮ್ಮನ್ನು ಹಿಡಿದು ನಿಲ್ಲಿಸಿದ್ದು ಪಕ್ಕದಲ್ಲಿ ನಿಂತ ಇನ್ನೊಬ್ಬ. ಬಂದ ಅಧ್ಯಾಪಕನಿಗೆ ಟಿಬೇಟಿ ಬರದು. ಕುಳಿತವರಲ್ಲಿ ಹೆಚ್ಚಿನವರಿಗೆ ಇಂಗ್ಲಿಷು ಸಾಲದು. ಇವನು ಎರಡು ವಾಕ್ಯ ಹೇಳಬೇಕು, ದುಭಾಷಿ ಅದನ್ನು ಟಿಬೇಟಿಯಲ್ಲಿ ಹೇಳಬೇಕು. ಆ ಭಾಷೆಯಲ್ಲಿ ಜೀವಕೋಶಕ್ಕೂ ನರತಂತುವಿಗೂ ಹೆಸರು ಹುಟ್ಟಿಸಬೇಕಾಯಿತು. ಅಟ್ಲಾಂಟಾದಲ್ಲೂ ಧರ್ಮಶಾಲೆಯಲ್ಲೂ ಅನುವಾದಕರು ಕುಳಿತು, ವಾದಿಸಿ, ಸಾವಿರಾರು ಪಾರಿಭಾಷಿಕ ಪದಗಳನ್ನು ಕಟ್ಟಿದರು. ಒಂದು ಪುಟ ಇಂಗ್ಲಿಷು, ಎದುರು ಪುಟ ಟಿಬೇಟಿಯಾಗಿ ಪಠ್ಯಪುಸ್ತಕಗಳು ಬಂದವು. ಬೆಳ್ಳಾವೆ ವೆಂಕಟನಾರಣಪ್ಪನವರು 1918ರಲ್ಲಿ ‘ವಿಜ್ಞಾನ’ವೆಂಬ ಕನ್ನಡ ಮಾಸಪತ್ರಿಕೆ ಹೊರಡಿಸಿದಾಗ ಪಟ್ಟ ಪಾಡೂ ಇದೇ ಇದ್ದೀತು. ಅದು ಬಹಳ ದಿನ ನಡೆಯಲಿಲ್ಲ.

ಶಿಷ್ಯರಾದರೂ ಸುಮ್ಮನೆ ಬರೆದುಕೊಳ್ಳುವವರೇ? ತರ್ಕದ ಅಂಗಳದಲ್ಲಿ ಬೆಳೆದವರು. ಬ್ಯಾಕ್ಟೀರಿಯಾಕ್ಕೆ ಸುಖದುಃಖವಿದೆಯೇ? ಇದ್ದರೆ ಔಷಧ ನುಂಗಿ ಕೋಟಿಗಟ್ಟಲೆ ಕೊಲ್ಲುವುದು ಹಿಂಸೆಯಲ್ಲವೇ? ಇಂಥ ಪ್ರಶ್ನೆಗಳು ತಮ್ಮನ್ನೂ ಹೊಸದಾಗಿ ಯೋಚಿಸುವಂತೆ ಮಾಡಿದವೆಂದು ಎಮೊರಿಯ ಜೀವಶಾಸ್ತ್ರದ ಅಧ್ಯಾಪಕ ಆರಿ ಐಸೆನ್ ಅವರು ಒಬ್ಬ ಸನ್ಯಾಸಿಯ ಜೊತೆಗೂಡಿ ಪುಸ್ತಕವನ್ನೇ ಬರೆದಿದ್ದಾರೆ.

ಅತಿಥಿ ಅಧ್ಯಾಪಕ ಎಷ್ಟು ದಿನ ಬಂದಾನು? ಇದನ್ನು ಅವರು ಮೊದಲೇ ಲೆಕ್ಕ ಹಾಕಿದ್ದರು. 2010ರಲ್ಲಿ ಆರು ಜನ ಸನ್ಯಾಸಿಗಳನ್ನು ಎಮೊರಿಗೇ ಕಳಿಸಿ ಓದಿಸಿದರು. ಅವರು ಕಲಿಸುವವರಾಗಿ ಹಿಂತಿರುಗಬೇಕೆಂಬುದು ಉದ್ದೇಶ. 2020ರಲ್ಲಿ ಕೊರೋನಾ ಬಂದು ವಿಮಾನಗಳು ನಿಂತವು, ಅಮೇರಿಕಾದವರು ಬರಲಾಗಲಿಲ್ಲ. ಅಷ್ಟರಲ್ಲಿ ಆರು ಬೇಸಗೆ ಕಳೆದಿದ್ದವು. ದುಭಾಷಿಯಾಗಿ ಪಕ್ಕದಲ್ಲಿ ನಿಂತವನಿಗೆ ಪಾಠ ಬಾಯಿಗೆ ಬಂದಿತ್ತು. ಅಂಗಡಿಯಾಕೆಯ ತಮ್ಮನೂ ಹೀಗೆಯೇ ಮುಂದೆ ಬಂದು ನಿಂತವನು.

ಈಗ ನಮಗೆ ಚುಚ್ಚಿದ ಕಾರಣ. ನಮ್ಮ ಸಂಘದ ರವಿವಾರದ ಕನ್ನಡ ವರ್ಗ ವಾಚಕರಿಗೆ ತಿಳಿದದ್ದೇ. ಬೆಂಗಳೂರಿನಿಂದ ಕೆಲಸಕ್ಕೆ ಬಂದ ಒಬ್ಬ ತರುಣಿ ಒಂದೂವರೆ ವರ್ಷ ಅದನ್ನು ಬಿಡದೆ ನಡೆಸಿದಳು. ಮಕ್ಕಳು ಮರಾಠಿಯಲ್ಲಿ ಜಗಳವಾಡುತ್ತ ಬಂದು ಕನ್ನಡದಲ್ಲಿ ಹಾಡುತ್ತ ಹೋಗುತ್ತಿದ್ದರು. ನಾವು ಮಗನನ್ನು ಬಿಟ್ಟು, ಹೊರಗೆ ಕಟ್ಟೆಯ ಮೇಲೆ ಕುಳಿತು ಪೇಪರು ಓದುತ್ತಿದ್ದೆವು. “ಒಳಗೆ ಬಂದು ಕೂತ್ಕೊಳ್ಳಿ ಸಾರ್, ಒಂದು ಗುಂಪಿಗೆ ನೀವು ಅಕ್ಷರ ತಿದ್ದಿಸಿ” ಎಂದು ಆಕೆ ಎರಡು ಸಲ ಕರೆದಳು. ಕನ್ನಡ ತೆಗೆದುಕೊಂಡು ಬಿ.ಎ. ಆದವರು ನಾವು; ಕಚೇರಿಯ ದಣಿವೆಂದು ಹೇಳಿ ತಪ್ಪಿಸಿಕೊಂಡೆವು. ಕಳೆದ ಆಗಸ್ಟಿನಲ್ಲಿ ಆಕೆಗೆ ವರ್ಗವಾಯಿತು. ಕೀಲಿಕೈಯನ್ನು ಕಾರ್ಯದರ್ಶಿಗಳಿಗೆ ಒಪ್ಪಿಸಿ ಹೋದಳು. ಅಂದಿನಿಂದ ಬಾಗಿಲು ತೆರೆದಿಲ್ಲ. ಮಗ ‘ಳ’ ಬರೆಯುವುದನ್ನು ಮರೆತಿದ್ದಾನೆ.

ಮುಂಡಗೋಡದಿಂದ ಹಿಂತಿರುಗಿದ ವಾರವೇ ಆಕೆಗೆ ಫೋನು ಮಾಡಿದೆವು. ಸಿಟ್ಟಾಗುತ್ತಾಳೆಂದು ಅಂಜಿದ್ದೆವು, ಆಕೆ ನಕ್ಕಳು. ಯಾವ ಮಗುವಿಗೆ ಒತ್ತಕ್ಷರ ತೊಡಕು, ಯಾವುದಕ್ಕೆ ಹಾಡೆಂದರೆ ನಾಚಿಕೆ, ಎಲ್ಲವನ್ನೂ ಬರೆದಿಟ್ಟ ವಹಿ ಕಪಾಟಿನ ಮೇಲಿನ ಅರೆಯಲ್ಲಿದೆಯೆಂದು ಹೇಳಿದಳು. ನಾವು ಹೋಗಿ ನೋಡಿದೆವು. ಧೂಳು ಹಿಡಿದಿತ್ತು, ಇತ್ತು. ಕಡೆಯ ಪುಟದಲ್ಲಿ ನಮ್ಮ ಹೆಸರಿನ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ.

ಕೀಲಿಕೈ ಈಗ ನಮ್ಮ ಹತ್ತಿರವಿದೆ. ರವಿವಾರ ಬೆಳಿಗ್ಗೆ ಹತ್ತು ಗಂಟೆ. ಮಕ್ಕಳನ್ನು ಬಿಟ್ಟು ಕಟ್ಟೆಯ ಮೇಲೆ ಪೇಪರು ಓದುವವರಿಗೆ ಒಳಗೂ ಎರಡು ಕುರ್ಚಿ ಹಾಕಿಸಿದ್ದೇವೆ.